ಒಳಗಿನಿಂದ ಹಾಕುವ ಚಿಲಕ

ಪರೀಕ್ಷೆ ಮುಗಿದದ್ದು ನವುಲೆಯಲ್ಲಿ ಎಲ್ಲರಿಗಿಂತ ಮೊದಲು ಗೊತ್ತಾಗುವುದು ಆಟೋದವರಿಗೆ. ಸವಳಂಗ ರಸ್ತೆಯ ಪಕ್ಕದಲ್ಲಿ, ಎಂಜಿನಿಯರಿಂಗ್ ಕಾಲೇಜಿನ ಮುಂದೆ, ಕೃಷಿ ಕಾಲೇಜಿನ ಗೇಟಿನ ಬಳಿ, ಬೆನ್ನಿಗೊಂದು ಕೈಗೊಂದು ಚೀಲ ಹಿಡಿದ ಮಕ್ಕಳು ಗುಂಪುಗುಂಪಾಗಿ ನಿಂತಿರುತ್ತಾರೆ. "ಬಸ್ ಸ್ಟ್ಯಾಂಡಿಗೆ ಎಷ್ಟು?" ಎಂಬ ಚೌಕಾಸಿಯ ನಡುವೆಯೇ ಮನೆಗೊಂದು ಫೋನು: "ಅಮ್ಮಾ, ಹೊರಟೆ. ರಾತ್ರಿ ಊಟಕ್ಕೆ ಅಲ್ಲೇ ಇರ್ತೀನಿ." ನಾಲ್ಕು ದಿನ ಕಳೆದರೆ ಹಾಸ್ಟೆಲ್ಲಿನ ಮೆಸ್ಸಿನಲ್ಲಿ ಪಾತ್ರೆ ಸದ್ದಿಲ್ಲ, ಕ್ರಿಕೆಟ್ ಮೈದಾನದ ಕಡೆಯ ಟೀ ಅಂಗಡಿಯಲ್ಲಿ ಗಿರಾಕಿಯಿಲ್ಲ.

ಊರಿಗೆ ಹೋಗದವರು ಜೋಗಕ್ಕೋ ಆಗುಂಬೆಗೋ ಕೊಡಚಾದ್ರಿಗೋ ಹೋಗುತ್ತಾರೆ. ಗುಂಪಾಗಿ ಹೋದರೆ ತಂದೆ ತಾಯಿ "ಹುಷಾರು" ಎನ್ನುತ್ತಾರೆ. ಮಗಳು "ಒಬ್ಬಳೇ ಎರಡು ದಿನ ಎಲ್ಲಾದರೂ ಹಳ್ಳಿಯಲ್ಲಿ ಇದ್ದು ಬರ್ತೀನಿ" ಎಂದಳೋ, ಮನೆಯಲ್ಲಿ ಒಂದು ಸಣ್ಣ ಸಭೆಯೇ ಸೇರುತ್ತದೆ. "ಒಬ್ಳೇ ಯಾಕೆ? ಜೊತೆಗೆ ಯಾರೂ ಸಿಗಲಿಲ್ವಾ?" ಒಂಟಿಯಾಗಿರುವುದನ್ನು ಯಾರಾದರೂ ಬೇಕೆಂದೇ ಆರಿಸಿಕೊಳ್ಳಬಹುದೆಂದು ನಮ್ಮ ಮನೆಗಳು ಸುಲಭವಾಗಿ ಒಪ್ಪುವುದಿಲ್ಲ.

ಈಗ ಇದೇ ನವುಲೆಯಿಂದ ಮೂವತ್ತರ ಆಸುಪಾಸಿನ ಒಬ್ಬ ಹೆಂಗಸು ಹೀಗೆ ಹೊರಟಳೆಂದು ಇಟ್ಟುಕೊಳ್ಳೋಣ. ತೀರ್ಥಹಳ್ಳಿಯಿಂದಾಚೆ, ಅಡಿಕೆ ತೋಟದ ತಲೆಯ ಮೇಲಿರುವ ಒಂದು ಹಂಚಿನ ಮನೆ. ಮನೆಯವರು ಪಕ್ಕದ ಕೊಟ್ಟಿಗೆಯನ್ನು ಸರಿಮಾಡಿಸಿ ಎರಡು ಕೋಣೆ ಕಟ್ಟಿಸಿದ್ದಾರೆ. ಬಂದವರಿಗೆ ಬಾಡಿಗೆಗೆ ಕೊಡುತ್ತಾರೆ, ಊಟ ಹಾಕುತ್ತಾರೆ. ಎರಡು ರಾತ್ರಿ, ಮೂರು ಹಗಲು. ಹುಟ್ಟಿದಾಗ ಈ ಹೆಂಗಸಿಗೆ ಇಟ್ಟದ್ದು ಗಂಡು ಹೆಸರು. ಈಗ ಇರುವುದು ಆಕೆಯೇ ಇಟ್ಟುಕೊಂಡ ಹೆಸರು. ಇಷ್ಟೇ ವ್ಯತ್ಯಾಸ. ಇಷ್ಟರಿಂದಲೇ ಈ ಅರವತ್ತು ಚಿಲ್ಲರೆ ಕಿಲೋಮೀಟರಿನ ಪ್ರಯಾಣ ಬೇರೆಯೇ ಆಗುತ್ತದೆ.

ಮೊದಲು ಬಸ್ಸು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ಮಹಿಳೆಯರ ಜೊತೆಗೆ ಇಂಥವರನ್ನೂ ಸರ್ಕಾರಿ ಬಸ್ಸಿಗೆ ಟಿಕೆಟ್ ದುಡ್ಡಿಲ್ಲದೆ ಹತ್ತಿಸಿತು. ಮಲೆನಾಡಿನಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳೇ, ಅವುಗಳಲ್ಲಿ ಶಕ್ತಿ ನಡೆಯುವುದಿಲ್ಲ ಎಂಬುದು ಶಿವಮೊಗ್ಗದ ಹೆಂಗಸರ ಹಳೆಯ ದೂರು, ಅದು ಹಾಗಿರಲಿ. ಸೊನ್ನೆ ರೂಪಾಯಿಯ ಆ ಚೀಟಿ ಕೈಗೆ ಬರುವಾಗ ನಿರ್ವಾಹಕ ಗುರುತಿನ ಚೀಟಿಯನ್ನು ನೋಡುತ್ತಾನೆ, ಮುಖವನ್ನು ನೋಡುತ್ತಾನೆ, ಮತ್ತೊಮ್ಮೆ ಚೀಟಿಯನ್ನು ನೋಡುತ್ತಾನೆ. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ, ಆದರೂ ಆಕೆಯ ಪಕ್ಕದ ಸೀಟು ಖಾಲಿ. ಗಾಜನೂರು ಬಂದರೂ ಖಾಲಿ. ಕೊನೆಗೆ ಸಕ್ರೆಬೈಲಿನಲ್ಲಿ ಹತ್ತಿದ ಒಬ್ಬ ಅಜ್ಜಿ, ಕಾಲು ನೋವು ಎಲ್ಲ ಅನುಮಾನಕ್ಕಿಂತ ದೊಡ್ಡದಾದ್ದರಿಂದ, "ಸ್ವಲ್ಪ ಸರಿ" ಎಂದು ಕುಳಿತುಬಿಡುತ್ತಾಳೆ.

ಹೆಣ್ಣಿನ ಉಡುಪಿನಲ್ಲಿ ಬೀದಿಗೆ ಬರುವುದೇ ಇಂಥವರ ಪಾಲಿಗೆ ಅಪರಾಧವಾಗಿದ್ದ ಕಾಲವೊಂದಿತ್ತು. 1871ರಲ್ಲಿ ಬ್ರಿಟಿಷರು ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಎರಡನೆಯ ಭಾಗ ಇವರನ್ನು ಕುರಿತೇ ಬರೆದದ್ದು. ಅದರ ಪ್ರಕಾರ ಪೊಲೀಸರು ಇವರ ಹೆಸರು ವಿಳಾಸಗಳ ಪಟ್ಟಿ ಇಡಬೇಕು. ಪಟ್ಟಿಯಲ್ಲಿದ್ದವರು ಸೀರೆ ಉಟ್ಟು, ಒಡವೆ ಹಾಕಿ ಸಾರ್ವಜನಿಕ ಬೀದಿಯಲ್ಲಿ ಕಂಡರೆ ವಾರಂಟಿಲ್ಲದೆ ಹಿಡಿಯಬಹುದು. ಎರಡು ವರ್ಷದವರೆಗೆ ಸೆರೆ. ಅದು ಮೊದಲು ಜಾರಿಗೆ ಬಂದದ್ದು ಉತ್ತರದ ಪ್ರಾಂತಗಳಲ್ಲಿ, ನಮ್ಮಲ್ಲಲ್ಲ. ಆದರೆ 2011ರಲ್ಲಿ ನಮ್ಮದೇ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಮು ಸೇರಿತು. ಅನುಮಾನವಿದ್ದ ಇಂಥವರ ಹೆಸರು, ವಾಸಸ್ಥಳಗಳ ಪಟ್ಟಿ ಇಡುವ ಅಧಿಕಾರವನ್ನು ಅದು ಪೊಲೀಸ್ ಕಮೀಷನರಿಗೆ ಕೊಟ್ಟಿತು. ಹೈಕೋರ್ಟಿನಲ್ಲಿ ಪ್ರಶ್ನೆ ಎದ್ದ ಮೇಲೆ ಅವರನ್ನು ಹೆಸರಿಸಿದ್ದ ಶಬ್ದವನ್ನು ಕಲಮಿನಿಂದ ತೆಗೆಯಲಾಯಿತು. ಅದೇ 2011ರಲ್ಲಿ ಜನಗಣತಿ ಮೊದಲ ಬಾರಿಗೆ ಗಂಡು, ಹೆಣ್ಣು ಬಿಟ್ಟು 'ಇತರೆ' ಎಂಬ ಮನೆಯೊಂದನ್ನು ಇಟ್ಟು ಲೆಕ್ಕ ಹಾಕಿತು. ಕರ್ನಾಟಕದಲ್ಲಿ ಅದರೊಳಗೆ ಬಂದವರು 20,266 ಮಂದಿ. ಹೇಳಿಕೊಳ್ಳದವರ ಲೆಕ್ಕ ಯಾರ ಬಳಿಯೂ ಇಲ್ಲ.

ಬಸ್ಸು ಮಂಡಗದ್ದೆ ದಾಟುತ್ತದೆ. ಮಳೆಗಾಲದಲ್ಲಿ ಹಕ್ಕಿಗಳ ಗೂಡುಗಳಿಂದ ತುಂಬುವ ನದಿ ನಡುವಿನ ಮರಗಳು ಈ ಚಳಿಗಾಲದಲ್ಲಿ ಬರಿದಾಗಿವೆ. ತುಂಗೆ ಒಮ್ಮೆ ಕಂಡು ಒಮ್ಮೆ ಮರೆಯಾಗುತ್ತಾಳೆ. ಆಕೆ ಕಿಟಕಿಗೆ ತಲೆಯಾನಿಸಿದ್ದಾಳೆ.

ಬಸ್ ನಿಲ್ದಾಣ ಒಬ್ಬರಿಗೆ ಹೊರಡುವ ಜಾಗವಾದರೆ, ಇನ್ನೊಬ್ಬರಿಗೆ ಅದೇ ಮನೆ. ಪಕ್ಕದ ದಾವಣಗೆರೆಯ ಬಸ್ ನಿಲ್ದಾಣವನ್ನು ಮಂಜಮ್ಮ ಜೋಗತಿಯವರು ಕಂಡದ್ದು ಹಾಗೆ. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದ ಶೆಟ್ಟರ ಮನೆಯ ಹುಡುಗ ಮಂಜುನಾಥ. ಹುಡುಗಿಯರ ಜೊತೆ ಆಟ, ಸೊಂಟಕ್ಕೆ ಟವೆಲ್ಲು ಸುತ್ತಿಕೊಳ್ಳುವ ಆಸೆ. ಮನೆಯವರು ಹುಲಿಗೆಮ್ಮನ ಗುಡಿಗೆ ಕರೆದೊಯ್ದು ಮುತ್ತು ಕಟ್ಟಿಸಿದರು. ಉಡಿದಾರ ತೆಗೆದು ಬಳೆ ತೊಡಿಸಿದ ಆ ದಿನ ಮಂಜುನಾಥ ಹೋಗಿ ಮಂಜಮ್ಮ ಬಂದರು. ದೇವರು ಒಪ್ಪಿಕೊಂಡ ಮಗುವನ್ನು ಮನೆ ಒಪ್ಪಿಕೊಳ್ಳಲಿಲ್ಲ. ಊರು ಬಿಟ್ಟರು, ಭಿಕ್ಷೆ ಬೇಡಿದರು, ದಾರಿಯಲ್ಲಿ ದರೋಡೆಗೂ ಹಲ್ಲೆಗೂ ಸಿಕ್ಕಿದರು. ಬದುಕೇ ಬೇಡವೆನಿಸಿದ್ದ ಹೊತ್ತಿನಲ್ಲಿ ದಾವಣಗೆರೆಯಲ್ಲಿ ಕಣ್ಣಿಗೆ ಬಿದ್ದದ್ದು ಒಬ್ಬ ತಂದೆ ಹಾಡುತ್ತಿರುವುದು, ಮಗ ತಲೆಯ ಮೇಲೆ ಕೊಡ ಹೊತ್ತು ಕುಣಿಯುತ್ತಿರುವುದು. ಆ ಕುಣಿತವನ್ನು ಕಲಿತರು. ಮುಂದೆ ಕಾಳವ್ವ ಜೋಗತಿಯವರ ಜೊತೆ ಸೇರಿ ಜೋಗತಿ ನೃತ್ಯವನ್ನು ವೇದಿಕೆಗೆ ತಂದರು. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷ ಪದವಿ, 2021ರಲ್ಲಿ ಪದ್ಮಶ್ರೀ. ಪ್ರಶಸ್ತಿ ಪಡೆಯುವಾಗ ಅವರು ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದದ್ದನ್ನು ದೇಶವೆಲ್ಲ ನೋಡಿತು. ಆ ಸಭಾಂಗಣದ ಚಪ್ಪಾಳೆಯನ್ನು ನೆನೆಯುವಾಗ ದಾವಣಗೆರೆಯ ಬಸ್ ನಿಲ್ದಾಣವನ್ನೂ ನೆನೆಯಬೇಕು. ಅವರೂ ಒಬ್ಬರೇ ಪ್ರಯಾಣ ಮಾಡಿದವರೇ. ಅದನ್ನು ರಜೆ ಎನ್ನಲು ಬರುವುದಿಲ್ಲ, ಏಕೆಂದರೆ ಹಿಂದೆ ಬಿಟ್ಟುಬಂದ ಬಾಗಿಲು ಮುಚ್ಚಿಹೋಗಿತ್ತು. ಅವರ ಆತ್ಮಕಥನ 'ನಡುವೆ ಸುಳಿವ ಹೆಣ್ಣು' ಅರುಣ್ ಜೋಳದಕೂಡ್ಲಿಗಿಯವರ ನಿರೂಪಣೆಯಲ್ಲಿ ಪುಸ್ತಕವಾಗಿದೆ. ದೊಡ್ಡ ಮಕ್ಕಳಿರುವ ಮನೆಯಲ್ಲಿ ಇರಬೇಕಾದ ಪುಸ್ತಕ.

ಮಲೆನಾಡಿನ ಮನೆಗೆ ಒಂದು ಕ್ರಮವಿದೆ. ದಣಪೆ ದಾಟಿದರೆ ಅಂಗಳ, ಅಂಗಳದಿಂದ ಜಗಲಿ, ಜಗಲಿಯಿಂದ ನಡುಮನೆ, ಅಲ್ಲಿಂದ ಒಳಗೆ ಅಡಿಗೆಮನೆ. ಯಾರು ಎಲ್ಲಿಯವರೆಗೆ ಬರಬಹುದೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಎಲ್ಲರಿಗೂ ಗೊತ್ತಿರುತ್ತದೆ. ಎಲ್ಲಮ್ಮನ ಕೊಡ ಹೊತ್ತು ಬರುವ ಜೋಗತಿಯರು, ಜೋಗಪ್ಪಂದಿರು ಅಂಗಳದವರು. ಚಂದ್ರಗುತ್ತಿಯ ರೇಣುಕಾಂಬೆ ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ದೇವತೆಯಾದ್ದರಿಂದ ಇಲ್ಲಿನವರಿಗೆ ಅವರು ಹೊಸಬರಲ್ಲ. ಅಂಗಳದಲ್ಲಿ ನಿಂತಷ್ಟು ಹೊತ್ತು ಅವರೇ ದೇವರು: ಮೊರದಲ್ಲಿ ಅಕ್ಕಿ, ಕೈಮುಗಿತ, ಮಗುವಿನ ಹಣೆಗೆ ಭಂಡಾರ. "ಬಾಯಾರಿಕೆ" ಎಂದರೆ ನೀರು ಬರುವುದೂ ಅಂಗಳಕ್ಕೇ. ಇವತ್ತು ರಾತ್ರಿ ಇಲ್ಲೇ ಮಲಗುತ್ತೇನೆ ಎಂದರೆ ಏನು ಮಾಡಬೇಕೆಂದು ಮನೆಯವರಿಗೆ ತೋಚದು.

ನವುಲೆಯಿಂದ ಬಂದ ಹೆಂಗಸು ಕೇಳುತ್ತಿರುವುದು ಅದನ್ನೇ. ದುಡ್ಡು ಕೊಟ್ಟು ಕೇಳುತ್ತಿದ್ದಾಳೆ, ಅದೊಂದು ಬಲ.

ಜಗಲಿಯಲ್ಲಿ ಕೂರಿಸಿ ಮನೆಯೊಡತಿ ಮಲೆನಾಡಿನ ಮಾಮೂಲಿ ಪ್ರಶ್ನೆಗಳನ್ನು ಕೇಳುತ್ತಾರೆ. "ಯಾವೂರಾಯ್ತು? ಒಬ್ರೇ ಬಂದ್ರಾ? ಮನೆಯವರು ಬರಲಿಲ್ವಾ?" ಒಂಟಿಯಾಗಿ ಬಂದ ಯಾವ ಹೆಂಗಸಿಗೂ ಈ ಪ್ರಶ್ನೆ ತಪ್ಪುವುದಿಲ್ಲ, ಅದರಲ್ಲಿ ಕೆಡುಕೂ ಇಲ್ಲ. ಯಾರ ಪೈಕಿ ಎಂದು ತಿಳಿಯದೆ ಮಲೆನಾಡಿನವರಿಗೆ ಕಾಫಿ ಸೋಸಲು ಕೈಬರುವುದಿಲ್ಲ, ಅಷ್ಟೆ. ಆದರೆ 'ಮನೆಯವರು' ಎಂಬ ಮಾತು ಈಕೆಗೆ ಎಲ್ಲಿ ತಾಗುತ್ತದೆಂದು ಕೇಳಿದವರಿಗೆ ಹೇಗೆ ಗೊತ್ತಾಗಬೇಕು?

ಆಮೇಲೆ ಪುಸ್ತಕ ಬರುತ್ತದೆ. ಬಂದವರ ಹೆಸರು, ಊರು, ಸಹಿ, ಆಧಾರ್ ಚೀಟಿಯ ನಕಲು. ಎರಡೇ ನಿಮಿಷದ ಕೆಲಸ. ಪೊಲೀಸರ ಪಟ್ಟಿಯಲ್ಲಿ ಹೆಸರು ಬರೆಸಿಕೊಂಡವರ ಸಂತತಿಗೆ ಈ ಪಟ್ಟಿಯಲ್ಲಿ ಹೆಸರು ಬರೆಯುವುದೆಂದರೆ ಏನೆಂಬುದನ್ನು ಉಳಿದವರು ಊಹಿಸುವುದು ಕಷ್ಟ. ಚೀಟಿಯಲ್ಲಿ ಹಳೆಯ ಹೆಸರೇ ಇದ್ದಿದ್ದರೆ ಪುಸ್ತಕ ಅಲ್ಲಿಯೇ ಮುಚ್ಚಬಹುದಿತ್ತು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ನಾಲ್ಸಾ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪು, ತಾನು ಯಾರೆಂದು ಹೇಳಿಕೊಳ್ಳುವ ಹಕ್ಕು ಆ ವ್ಯಕ್ತಿಯದೇ ಎಂದಿತು. 2019ರ ಕಾಯ್ದೆ ಜಿಲ್ಲಾಧಿಕಾರಿಯಿಂದ ಗುರುತಿನ ಪತ್ರ ಪಡೆಯುವ ದಾರಿ ಮಾಡಿತು; ಮನೆ ಬಾಡಿಗೆಗೆ ಪಡೆಯುವುದರಲ್ಲಿ, ಓಡಾಡುವುದರಲ್ಲಿ ಭೇದ ಮಾಡಬಾರದೆಂದೂ ಹೇಳಿತು. ಕಾನೂನು ಬರೆಯುವವರು ದೆಹಲಿಯಲ್ಲಿ. ಅದು ಜಾರಿಯಾಗುವುದೋ ಇಲ್ಲವೋ ತೀರ್ಮಾನವಾಗುವುದು ಇಂಥ ಜಗಲಿಯಲ್ಲಿ, ಕಿವಿಗೆ ಪೆನ್ನು ಸಿಕ್ಕಿಸಿಕೊಂಡ ಒಬ್ಬ ಮನೆಯೊಡೆಯನ ಮುಂದೆ.

ಆತ ಓದುತ್ತಾನೆ, ಬರೆದುಕೊಳ್ಳುತ್ತಾನೆ. "ಆ ಕಡೆ ಕೋಣೆ. ಬಿಸಿನೀರು ಸಂಜೆ ಕೇಳಿ" ಎನ್ನುತ್ತಾನೆ.

ಕನ್ನಡದಲ್ಲಿ ಕ್ರಿಯಾಪದದ ಬಾಲವೇ ತೀರ್ಪು ಹೇಳಿಬಿಡುತ್ತದೆ. ಬಂದ, ಬಂದಳು, ಬಂತು. ಶಾಲೆಯಲ್ಲಿ ವ್ಯಾಕರಣವೆಂದು ಕಲಿತ ಈ ಮೂರು ರೂಪಗಳಲ್ಲಿ ಮೂರನೆಯದನ್ನು ಇಂಥವರು ಬಾಲ್ಯದಿಂದಲೇ ಬೆನ್ನ ಹಿಂದೆ ಕೇಳುತ್ತ ಬಂದಿರುತ್ತಾರೆ: "ಬಂತು ನೋಡೋ." ಹಾಗೆಂದು ಬೈಗುಳ ಪ್ರತ್ಯಯದಲ್ಲಿಲ್ಲ. ಸಾಗರದ ಕಡೆಯ ಹವ್ಯಕರ ಮನೆಮಾತಿನಲ್ಲಿ ತಾಯಿಯೂ ಸೊಸೆಯೂ ಮಗಳೂ ಬರುವುದು 'ಬಂತು' ಎಂದೇ, ಅದರಲ್ಲಿ ಅಕ್ಕರೆಯೇ ಹೊರತು ಹಗುರವಿಲ್ಲ. ಯಾವುದನ್ನು ಬಳಸಬೇಕೆಂದು ತಿಳಿಯದವರಿಗೆ ಕನ್ನಡ 'ಬಂದರು' ಎಂಬ ಮರ್ಯಾದೆಯ ರೂಪವನ್ನು ಇಟ್ಟೇ ಇದೆ. ಅದಕ್ಕೆ ಗಂಡು ಹೆಣ್ಣೆಂಬುದಿಲ್ಲ, ಖರ್ಚೂ ಇಲ್ಲ.

ಇದೇ ಜಿಲ್ಲೆಯ ಹೆಗ್ಗೋಡಿನಿಂದ ಒಂದು ನಾಟಕ ಊರೂರಿಗೆ ಹೋಗಿದೆ. ಎ. ರೇವತಿಯವರ ಆತ್ಮಕಥೆಯನ್ನು ದು. ಸರಸ್ವತಿಯವರು 'ಬದುಕು ಬಯಲು' ಎಂದು ಕನ್ನಡಕ್ಕೆ ತಂದರು. ಹೆಗ್ಗೋಡಿನ ಜನಮನದಾಟ ತಂಡ, ಎಂ. ಗಣೇಶ್ ಅವರ ನಿರ್ದೇಶನದಲ್ಲಿ, ಅದನ್ನು ರಂಗಕ್ಕೆ ಏರಿಸಿತು. ರೇವತಿ ತಮಿಳುನಾಡಿನ ನಾಮಕ್ಕಲ್ ಕಡೆಯವರು. ಮನೆ ಬಿಟ್ಟು ಓಡಿ ರೈಲು ಹತ್ತಿ ದೆಹಲಿ ಸೇರಿದ ಹುಡುಗ. ಮರಳಿ ಬಂದಾಗ ಅಣ್ಣನ ಕೈಯಲ್ಲಿದ್ದದ್ದು ಕ್ರಿಕೆಟ್ ಬ್ಯಾಟು. ಆಶ್ಚರ್ಯವೆಂದರೆ ಆ ಮನೆಗೇ ಅವರು ಮತ್ತೆ ಮತ್ತೆ ಮರಳುತ್ತಾರೆ. ಬಿಟ್ಟುಹೋಗಲು ಸಾವಿರ ಕಾರಣವಿದ್ದ ಮನೆ ಕರೆಯುತ್ತಲೇ ಇರುತ್ತದೆ. ಪುಸ್ತಕದ ಕನ್ನಡ ಹೆಸರು ಸರಿಯಾಗಿಯೇ ಇದೆ: ಬಯಲಿಗೆ ಬಾಗಿಲಿಲ್ಲ, ಬಾಗಿಲಿಲ್ಲದ ಮೇಲೆ ಚಿಲಕವೂ ಇಲ್ಲ.

ಮನೆಯಿಂದ ಹೊರಬಿದ್ದವರಿಗೆ ಆಸರೆ ಕೊಡುವುದು ತಮ್ಮಂಥವರೇ ಸೇರಿ ನಡೆಸುವ ಮನೆಗಳು. ಅಲ್ಲಿ ಗುರು ಇರುತ್ತಾಳೆ, ಚೇಲಾಗಳಿರುತ್ತಾರೆ. ಜಗಳ, ಪ್ರೀತಿ, ಕಾಯಿಲೆಗೆ ಗಂಜಿ, ಸತ್ತರೆ ಹೆಗಲು, ಎಲ್ಲವೂ ಉಂಟು. ಹೆತ್ತ ಮನೆ ಕೊಡದೆ ಹೋದದ್ದನ್ನು ಆ ಮನೆ ಕೊಟ್ಟಿದೆ. ಆದರೆ ಅಲ್ಲಿ ಒಬ್ಬಳೇ ಕೂರಲು ಒಂದು ಮೂಲೆ ಸಿಗುವುದು ಅಪರೂಪ. ಹೊರಗೆ ಬೀದಿಯಲ್ಲಿ ಒಬ್ಬಳೇ ಇದ್ದರೆ ಅದು ಅಪಾಯ. ಹೀಗೆ ಒಂಟಿತನವೆಂದರೆ ಒಂದೋ ಶಿಕ್ಷೆ, ಇಲ್ಲವೇ ಭಯ. ಬೇಕೆಂದೇ ಬಂದು, ಬಾಗಿಲು ಮುಚ್ಚಿಕೊಂಡು, ಯಾರಿಗೂ ಹೆದರದೆ ಒಬ್ಬಳೇ ಇರುವ ಎರಡು ರಾತ್ರಿ ಎಂದರೆ ಎಂಥ ಸಂಪತ್ತು ಎಂಬುದು ಆಗ ಅರ್ಥವಾಗುತ್ತದೆ. ನಮ್ಮ ಹೆಣ್ಣುಮಕ್ಕಳಿಗೂ ಅದು ಧಾರಾಳವಾಗಿ ಸಿಕ್ಕಿಲ್ಲ ಎಂಬುದು ನಿಜ. ಇವರಿಗಂತೂ ಲೆಕ್ಕಕ್ಕೇ ಇರಲಿಲ್ಲ.

ದೂರದ ಒಂದು ಹಳ್ಳಿಮನೆಯ ಮಾತನ್ನೂ ಇಲ್ಲಿ ಹೇಳಬೇಕು. 1953ರಲ್ಲಿ ಎವರೆಸ್ಟ್ ಶಿಖರ ಏರಿದ ಸುದ್ದಿಯನ್ನು ಲೋಕಕ್ಕೆ ಮೊದಲು ಕೊಟ್ಟ 'ದಿ ಟೈಮ್ಸ್' ಪತ್ರಿಕೆಯ ವರದಿಗಾರ ಜೇಮ್ಸ್ ಮಾರಿಸ್, 1972ರ ಶಸ್ತ್ರಚಿಕಿತ್ಸೆಯ ನಂತರ ಜಾನ್ ಮಾರಿಸ್ ಎಂಬ ಹೆಂಗಸಾಗಿ ಬದುಕಿದರು. 1974ರಲ್ಲಿ 'ಕೊನಂಡ್ರಮ್' ಎಂಬ ಪುಸ್ತಕದಲ್ಲಿ ಅದನ್ನು ಬರೆದರು. ಊರೂರು ಅಲೆದು ಬರೆಯುವುದೇ ಅವರ ಉದ್ಯೋಗ. ಪ್ರತಿ ಸಲವೂ ಅವರು ಮರಳುತ್ತಿದ್ದುದು ವೇಲ್ಸ್ ನಾಡಿನ ಒಂದು ಹಳ್ಳಿಗೆ, ಕುದುರೆ ಲಾಯವನ್ನು ಮನೆ ಮಾಡಿಕೊಂಡಿದ್ದ ಕಡೆಗೆ. ಅಲ್ಲಿ ಎಲಿಜಬೆತ್ ಇದ್ದರು: 1949ರಲ್ಲಿ ಮದುವೆಯಾದವರು, ಕಾನೂನಿಗಾಗಿ ವಿಚ್ಛೇದನ ಪಡೆದವರು, ಆದರೆ ಜೊತೆ ಬಿಡದವರು, 2008ರಲ್ಲಿ ಇಬ್ಬರೂ ಕಾನೂನಿನ ಪ್ರಕಾರ ಮತ್ತೆ ಸಂಗಾತಿಗಳೆಂದು ದಾಖಲಾದರು. ಜಾನ್ ಮಾರಿಸ್ 2020ರಲ್ಲಿ ತೀರಿಕೊಂಡರು. ಹೆಸರು, ಹಣ, ಓದಿನ ಬಲ ಎಲ್ಲ ಇದ್ದವರು ನಿಜ. ಮಂಜಮ್ಮನವರ ಪಕ್ಕದಲ್ಲಿಟ್ಟು ತೂಗುವುದು ನ್ಯಾಯವಲ್ಲ. ಆದರೂ ಜಗತ್ತೆಲ್ಲ ಒಬ್ಬರೇ ಸುತ್ತುವ ಧೈರ್ಯದ ಹಿಂದೆ ಹಳ್ಳಿಯ ಆ ಮನೆಯ ದೀಪವೂ ಇತ್ತಲ್ಲವೇ?

ಆ ದೀಪದ ವಿಷಯ ನಮ್ಮ ಕಾನೂನಿಗೂ ಹೊಳೆದಿತ್ತು. 2019ರ ಕಾಯ್ದೆಯ ಹನ್ನೆರಡನೆಯ ಕಲಮು, ಮಗು ಇಂಥದ್ದೆಂಬ ಒಂದೇ ಕಾರಣಕ್ಕೆ ಅದನ್ನು ತಂದೆತಾಯಿಯಿಂದ ಬೇರೆ ಮಾಡುವಂತಿಲ್ಲ ಎಂದಿತು. ತಂದೆತಾಯಿ ಇರುವ ಮನೆಯಲ್ಲಿ ಇರುವ ಹಕ್ಕು ಅದಕ್ಕಿದೆ ಎಂದಿತು. ಹದಿನೆಂಟನೆಯದು, ಮನೆಯಿಂದ ಇಲ್ಲವೇ ಊರಿನಿಂದ ಓಡಿಸಿದವರಿಗೆ ಆರು ತಿಂಗಳಿನಿಂದ ಎರಡು ವರ್ಷದವರೆಗೆ ಸೆರೆ ಎಂದಿತು. ತಂದೆತಾಯಿಯರಿಗೆ ಈ ಮಾತು ತಿಳಿದಿರಲಿ. ಹಾಗೆಂದು ಜೈಲಿನ ಭಯದಿಂದ ಯಾವ ತಾಯಿಯೂ ಮಗುವಿಗೆ ತಟ್ಟೆ ಹಾಕುವುದಿಲ್ಲ. ಹಾಸ್ಟೆಲ್ಲಿನಿಂದ ರಜೆಗೆ ಮನೆಗೆ ಹೋಗಲು ಹಿಂಜರಿಯುವ ಒಬ್ಬ ಹುಡುಗ ಎಲ್ಲ ಕಾಲೇಜಿನಲ್ಲೂ ಇರಬಹುದು. ಎಲ್ಲರೂ ಹೊರಟ ಮೇಲೂ ಆತ ಏನೋ ನೆಪ ಹೇಳಿ ಕೋಣೆಯಲ್ಲೇ ಉಳಿದಿರುತ್ತಾನೆ. ಆತನಿಗೆ ಮನೆಯಿಂದ ಒಂದು ಫೋನು ಹೋದರೆ ಕಾಯ್ದೆ ಮಾಡಲಾಗದ ಕೆಲಸ ಆಗಬಹುದು.

ರಜೆಯಲ್ಲಿ ಆಕೆ ಏನು ಮಾಡಿದಳು ಎಂದರೆ, ಏನೂ ಇಲ್ಲ. ಬೆಳಿಗ್ಗೆ ತಡವಾಗಿ ಎದ್ದಳು. ಅಕ್ಕಿ ಕಡುಬು, ಕಾಯಿಚಟ್ನಿ ತಿಂದಳು. ತೋಟಕ್ಕೆ ಇಳಿದು ಹಳ್ಳದ ನೀರಿಗೆ ಕಾಲು ಬಿಟ್ಟು ಕುಳಿತಳು. ತಲೆಗೆ ಎಣ್ಣೆ ಹಚ್ಚಿ, ಬಚ್ಚಲುಮನೆಯ ಹಂಡೆಯ ನೀರಲ್ಲಿ ಸ್ನಾನ ಮಾಡಿ, ಅಂಗಳದ ಬಿಸಿಲಿಗೆ ಕೂದಲು ಹರವಿಕೊಂಡು ಅರ್ಧ ಹಗಲು ಕಳೆದಳು. ಯಾರೂ ನೋಡದ ಜಾಗದಲ್ಲಿ ಕೂದಲು ಒಣಗಿಸುವುದು ಇಷ್ಟು ದೊಡ್ಡ ಸುಖವೆಂದು ಸುಮ್ಮನೆ ಮನೆಯಲ್ಲಿ ಬೆಳೆದ ಹುಡುಗಿಯರಿಗೆ ಹೇಳಿದರೆ ನಕ್ಕಾರು.

ಎರಡನೆಯ ಸಂಜೆ ಅಡಿಕೆ ಸುಲಿಯಲು ನೆರೆಯ ಹೆಂಗಸರು ಬಂದರು. ಸುಗ್ಗಿಯ ಕಾಲ, ಗಾಳಿಗೆಲ್ಲ ಚೊಗರಿನ ವಾಸನೆ. ಚಪ್ಪರದ ಕೆಳಗೆ ಬಲ್ಬು ಹಾಕಿ, ಮೆಟ್ಟುಗತ್ತಿಗಳ ಮೇಲೆ ಕಾಲಿಟ್ಟು ಸಾಲಾಗಿ ಕುಳಿತರು. ಆಕೆ ಜಗಲಿಯ ತುದಿಯಲ್ಲಿ ನಿಂತು ನೋಡುತ್ತಿದ್ದಳು. ಅವರು ತಮ್ಮೊಳಗೆ ಏನೋ ಪಿಸುಗುಟ್ಟಿದರು, ಒಬ್ಬಳು ನಕ್ಕಳು. ಆಕೆ ಕೋಣೆಯ ಕಡೆ ತಿರುಗುವುದರಲ್ಲಿದ್ದಳು. ಮನೆಯೊಡತಿ ಪಕ್ಕಕ್ಕೆ ಸರಿದು ಮಣೆಯೊಂದನ್ನು ಎಳೆದು ಹಾಕಿದರು. "ನಿಂತೇ ಇರ್ತೀಯಲ್ಲ, ಕೂತ್ಕೊ ಮಾರಾಯ್ತಿ. ಕೈ ಕುಯ್ಕೊಂಡೀಯ, ನೋಡಿ ಹಿಡಿ."

ಬಂದ ದಿನದ 'ನೀವು' ಹೋಗಿ 'ನೀನು' ಬಂದಿತ್ತು. ಮಾರಾಯ ಅಲ್ಲ, ಮಾರಾಯ್ತಿ. ಮನೆಯೊಡತಿಗೆ ತಾನು ಏನಾದರೂ ಹೇಳಿದೆನೆಂಬುದರ ಅರಿವೂ ಇದ್ದಂತೆ ಕಾಣಲಿಲ್ಲ. ಅವರ ಗಮನವೆಲ್ಲ ಅಡಿಕೆಯ ಮೇಲಿತ್ತು. ಆಕೆ ಒಂದು ಗಂಟೆಯಲ್ಲಿ ಸುಲಿದದ್ದು ಒಂದು ಮುಷ್ಟಿ, ಅದರಲ್ಲಿ ಅರ್ಧ ಹೋಳಾದದ್ದು. ಅದನ್ನು ನೋಡಿ ಎಲ್ಲರೂ ನಕ್ಕರು. ಆಕೆಯೂ ನಕ್ಕಳು.

ಹತ್ತು ಗಂಟೆಗೆ ಬಲ್ಬು ಆರಿಸಿದರು. ಕೋಣೆಯವರೆಗೆ ಬ್ಯಾಟರಿ ಹಿಡಿದು ಬಂದ ಮನೆಯೊಡತಿ ಹೊಸ್ತಿಲಲ್ಲಿ ನಿಂತು ಹೇಳಿದರು: "ಚಿಲಕ ಹಾಕ್ಕೊಂಡು ಮಲಗು. ಇಲ್ದಿದ್ರೆ ನಮ್ಮನೆ ನಾಯಿ ಬಾಗಿಲು ತಳ್ಕೊಂಡು ಒಳಗೆ ಬಂದ್ಬಿಡ್ತದೆ."